ಕಾರಿಗೆ ಮೆಟ್ಟು

ಹಳೇ ಕಾರು ಕೊಳ್ಳುವವನು ಎಂಜಿನ್ನಿನ ಸದ್ದು ಕೇಳುತ್ತಾನೆ. ಬಾಗಿಲು ತೆಗೆದು ಹಾಕಿ ನೋಡುತ್ತಾನೆ. ಬಣ್ಣದ ಮೇಲೆ ಕೈಯಾಡಿಸುತ್ತಾನೆ. ಮಣ್ಣಲ್ಲಿ ಕುಕ್ಕರಗಾಲಲ್ಲಿ ಕೂತು ಟೈರು ನೋಡುವವನು ಕಮ್ಮಿ. ನಾವು ಮೊದಲು ಟೈರನ್ನೇ ನೋಡಿದೆವು. ಅದಕ್ಕೆ ಕಾರಣ ನಮ್ಮಪ್ಪ. ಅಪ್ಪನಿಗೆ ಕಾರಿನ ವಿಚಾರ ಗೊತ್ತಿಲ್ಲ, ಇವತ್ತಿಗೂ ಬಾಗಿಲು ತೆಗೆಯೋದಕ್ಕೆ ತಡಕಾಡುತ್ತಾನೆ. ಟೈರಿನ ವಿಚಾರ ಗೊತ್ತು. ಮೀಸೆ ಚಿಗುರುವ ಮುಂಚಿನಿಂದ ಲಾರಿ ಟೈರು ಕುಯ್ದು, ಎಕ್ಕಡ ಮಾಡಿ, ಶಿರಾ ಸೀಮೆಯ ಸಂತೆಗಳಲ್ಲಿ ಮಾರಿದವನು ಅವನು.

ಕಾರು 2014ರ ಆಲ್ಟೊ 800. ತುಮಕೂರಿನಲ್ಲಿ ನಿವೃತ್ತರಾದ ಒಬ್ಬರು ಮಾರಿದರು. ನಮ್ಮ ದುಡ್ಡು ಮೂರು ಕಡೆಯದು. ನಾನು ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕ, ಸಂಬಳ ನಮ್ಮ ಸೀಮೆಯ ಮಳೆಯ ಹಾಗೆ, ಬಂದಾಗ ಬಂತು. ತಮ್ಮ ಎಸ್ಸೆಸ್ಸೆಲ್ಸಿಗೆ ಓದು ಬಿಟ್ಟು ಲಾರಿ ಕ್ಲೀನರಾಗಿ ಹೋಗಿ ಡ್ರೈವರಾದವನು. ಮಿಕ್ಕಿದ್ದಕ್ಕೆ ಅವ್ವ ಸಂಘದಲ್ಲಿ ಸಾಲ ಎತ್ತಿದಳು. ಬಿಳಿ ಬೋರ್ಡಿನ ಗಾಡಿ, ಬಾಡಿಗೆಗೆ ಓಡಿಸುವ ಹಾಗಿಲ್ಲ. ಆದರೆ ಕೇರಿಗೆ ಬಂದ ಮೊದಲ ಕಾರು ಒಂದು ಮನೆಯ ಕಾರಾಗಿ ಉಳಿಯುವುದಿಲ್ಲ. ಬಸುರಿಗೆ ನಡುರಾತ್ರಿ ನೋವು ಬಂದರೆ, ಹೊಲದಲ್ಲಿ ಹಾವು ಮುಟ್ಟಿದರೆ, ಮುದುಕರಿಗೆ ಉಸಿರು ಕಟ್ಟಿದರೆ ಮೊದಲು ಬಡಿಯುವುದು ನಮ್ಮ ಮನೆ ಬಾಗಿಲು. ಪೆಟ್ರೋಲಿಗೆ ಕೆಲವರು ಕೊಡುತ್ತಾರೆ, ಕೆಲವರಿಗೆ ಕೊಡೋದಕ್ಕೆ ಇರುವುದಿಲ್ಲ. ಐದು ಜನ ಕೂರುವ ಕಾರಲ್ಲಿ ಎಂಟು ಜನ ಕೂರುತ್ತಾರೆ, ಮಡಿಲ ಕೂಸುಗಳನ್ನು ಯಾರೂ ಎಣಿಸುವುದಿಲ್ಲ. ಊರಿಂದ ಹೆದ್ದಾರಿಗೆ ಹನ್ನೆರಡು ಕಿಲೋಮೀಟರ್ ಜಲ್ಲಿ ಎದ್ದ ರಸ್ತೆ. ಅಲ್ಲಿಂದ ತುಮಕೂರಿಗೆ ರಾಷ್ಟ್ರೀಯ ಹೆದ್ದಾರಿ 48. ಆ ವೇಗದ ನಡುವೆ ಈ ಎಂಟು ಜೀವಗಳನ್ನು ನೆಲಕ್ಕೆ ಅಂಟಿಸಿಕೊಂಡು ಹೋಗುವುದು ನಾಕು ಕಡೆ ಅಂಗೈಯಗಲದ ರಬ್ಬರು. ಅಷ್ಟೇ. ಒಂದು ಟೈರು ನೆಲ ಮುಟ್ಟುವುದು ಅಷ್ಟೇ ಜಾಗದಲ್ಲಿ.

ಗೆಳೆಯರೇ, ಶಿರಾದಿಂದ ತುಮಕೂರಿನವರೆಗೆ ಹೆದ್ದಾರಿಯ ಅಂಚು ನೋಡಿಕೊಂಡು ಹೋಗಿ. ಸತ್ತ ಹಾವಿನ ಹಾಗೆ ಉದ್ದುದ್ದ ಬಿದ್ದಿರುತ್ತವೆ ಟೈರಿನ ಚಕ್ಕೆಗಳು. ಸವೆದ ಲಾರಿ ಟೈರಿಗೆ ಮೇಲೆ ಹೊಸ ರಬ್ಬರು ಅಂಟಿಸಿ ಓಡಿಸುತ್ತಾರೆ. ನಮ್ಮ ಕಡೆ ಅದಕ್ಕೆ ರೀಬಟನ್ ಅಂತಾರೆ, ಯಾಕೆಂದರೆ ಟೈರಿನ ಮೇಲಿನ ಗೀರು ಗಂಟುಗಳಿಗೆ ಬಟನ್ ಅಂತಲೇ ಹೆಸರು. ಸರಿಯಾಗಿ ಮಾಡಿದ ರೀಬಟನ್ ಲಾರಿಗೆ ತಪ್ಪೇನಲ್ಲ. ಆದರೆ ಗಾಳಿ ಕಮ್ಮಿ, ಹೊರೆ ಜಾಸ್ತಿ, ಬಿಸಿಲು ಸುಡುತ್ತಿದೆ ಅಂದರೆ ಅಂಟು ಬಿಟ್ಟು ಸಿಪ್ಪೆಯ ಹಾಗೆ ಸುಲಿದುಕೊಂಡು ಬೀಳುತ್ತದೆ. ಅಪ್ಪ ಬಸ್ಸಿನ ಕಿಟಕಿಯಿಂದಲೇ ಹೇಳುತ್ತಿದ್ದ: "ಅದು ಗಾಳಿ ಇಲ್ದೆ ಬೆಂದು ಹೋಗಿರೋದು. ಅಗೋ ಅದು, ಒಳಗಿನ ನೂಲೇ ಕೊಳೆತಿರೋದು." ಚಿಕ್ಕವನಿದ್ದಾಗ ನಾನು ಅವನ ಜೊತೆ ಆ ಚಕ್ಕೆಗಳನ್ನು ಆಯ್ದಿದ್ದೇನೆ. ನಮಗೆ ಅವು ಕಸವಾಗಿರಲಿಲ್ಲ, ಅಟ್ಟೆಯಾಗಿದ್ದವು.

ತಾತನ ಕಾಲಕ್ಕೆ ಅಟ್ಟೆ ತೊಗಲಿನದು. ಸುಣ್ಣದ ತೊಟ್ಟಿ ಒಂದು, ತಂಗಡಿ ಚಕ್ಕೆ ನೆನೆಹಾಕಿದ ತೊಟ್ಟಿ ಒಂದು. ಹಸಿ ತೊಗಲು ಹಾಗೇ ಬಿಟ್ಟರೆ ಮೂರು ದಿನಕ್ಕೆ ಕೊಳೆಯುತ್ತದೆ. ಒಣಗಿಸಿದರೆ ಹಲಗೆಯಾಗುತ್ತದೆ. ಸುಣ್ಣದಲ್ಲಿ ಕೂದಲು ಬಿಡಿಸಿ ತಂಗಡಿಯಲ್ಲಿ ಹದ ಮಾಡಿದರೆ ಮಾತ್ರ ಅದು ಬಾಗುತ್ತದೆ, ಬಾಳುತ್ತದೆ. ಆಮೇಲೆ ಸತ್ತ ದನ ಎತ್ತುವುದನ್ನು ಕೇರಿ ಬಿಟ್ಟಿತು, ಬಿಡಬೇಕಾದ್ದೇ. ತೊಗಲಿನ ಬೆಲೆ ಏರಿತು. ಅಪ್ಪನ ಕೈಗೆ ಟೈರು ಬಂತು.

ಈಚೆಗೆ ನಾನು ಓದಿ ತಿಳಿದುಕೊಂಡದ್ದೇನೆಂದರೆ, ರಬ್ಬರಿನ ಕಥೆಯೂ ತೊಗಲಿನ ಕಥೆಯೇ. ಹಸಿ ರಬ್ಬರು ಬಿಸಿಲಿಗೆ ಅಂಟಂಟಾಗುತ್ತದೆ, ಚಳಿಗೆ ಸೆಟೆದು ಒಡೆಯುತ್ತದೆ. 1839ರಲ್ಲಿ ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ ಅದಕ್ಕೆ ಗಂಧಕ ಬೆರೆಸಿ ಕಾಯಿಸಿದರೆ ಹದಕ್ಕೆ ಬರುತ್ತದೆ ಅಂತ ಕಂಡುಕೊಂಡ. ತಂಗಡಿ ಚಕ್ಕೆ ತೊಗಲಿಗೆ ಮಾಡಿದ್ದನ್ನು ಗಂಧಕ ರಬ್ಬರಿಗೆ ಮಾಡಿತು. ಆ ಮನುಷ್ಯ 1860ರಲ್ಲಿ ಸಾಲ ಹೊತ್ತುಕೊಂಡೇ ಸತ್ತ. ಅವನ ಹೆಸರಿನ ದೊಡ್ಡ ಟೈರು ಕಂಪನಿ ಶುರುವಾದದ್ದು 1898ರಲ್ಲಿ, ಶುರು ಮಾಡಿದವರು ಬೇರೆ ಯಾರೋ. ಹದ ಕಂಡುಕೊಂಡವನಿಗೆ ಸಾಲ, ಹೆಸರು ಇನ್ನೊಬ್ಬರ ಬೋರ್ಡಿಗೆ. ಇಂಥ ಲೆಕ್ಕ ನಮ್ಮ ಕೇರಿಗೆ ಅರ್ಥವಾಗುತ್ತದೆ. 1888ರ ಸುಮಾರಿಗೆ ಮಗನ ಮೂರುಗಾಲಿ ಸೈಕಲ್ಲಿಗೆ ಗಾಳಿ ತುಂಬಿದ ಟೈರು ಮಾಡಿದ ಜಾನ್ ಬಾಯ್ಡ್ ಡನ್‌ಲಪ್ ಬೆಲ್‌ಫಾಸ್ಟಿನ ದನದ ಡಾಕ್ಟರು. ದನ ಬದುಕಿದ್ದಾಗ ನೋಡಿಕೊಂಡವನು ಟೈರು ಮಾಡಿದ. ಸತ್ತ ಮೇಲೆ ನೋಡಿಕೊಂಡ ನಾವು ಎಕ್ಕಡ ಮಾಡಿದೆವು. ಟೈರು ಬಂದು ರಬ್ಬರಿಗೆ ಬೇಡಿಕೆ ಏರಿದ ಆ ದಿನಗಳಲ್ಲೇ, 1908ರವರೆಗೆ, ಬೆಲ್ಜಿಯಮ್ಮಿನ ರಾಜ ಎರಡನೇ ಲಿಯೊಪೋಲ್ಡನ ಸ್ವಂತ ಸ್ವತ್ತಾಗಿದ್ದ ಕಾಂಗೋದಲ್ಲಿ ರಬ್ಬರಿಗಾಗಿ ಹಳ್ಳಿಹಳ್ಳಿಗಳನ್ನು ಹಿಂಡಿದರು, ಜನರ ಕೈ ಕತ್ತರಿಸಿದರು. ಕರಿಯ ಜನರ ಕೈ.

ಕಪ್ಪಿನ ಮಾತು ಬಂದದ್ದಕ್ಕೆ ಇನ್ನೊಂದು. ರಬ್ಬರ್ ಮರದ ಹಾಲು ಬಿಳಿ. ಮೊದಮೊದಲ ಟೈರುಗಳು ಬಿಳಿಚಿಕೊಂಡೇ ಇದ್ದವು, ಬೇಗ ಸವೆಯುತ್ತಿದ್ದವು. ಅದಕ್ಕೆ ಎಣ್ಣೆ ಸುಟ್ಟ ಮಸಿ ಬೆರೆಸಿದ ಮೇಲೆ ಟೈರಿಗೆ ಬಾಳಿಕೆ ಬಂತು. ಇವತ್ತಿನ ಟೈರು ಕಪ್ಪಗಿರುವುದು ಅಂದಕ್ಕಲ್ಲ. ಇದನ್ನು ಅಪ್ಪನಿಗೆ ಹೇಳಿದಾಗ "ಮಸಿ ಇಲ್ದೆ ಯಾವ್ದು ನಿಂತೈತೆ ಬುಡ್ಲಾ" ಅಂದು ಬೀಡಿ ಹಚ್ಚಿಕೊಂಡ. ನಾನು ಇದನ್ನು ಪದ್ಯ ಮಾಡುವ ಅಂತಿದ್ದೆ, ಅವನ ಮಾತಾದ ಮೇಲೆ ಪದ್ಯಕ್ಕೇನೂ ಉಳಿಯಲಿಲ್ಲ.

ಮತ್ತೆ ಕಾರಿಗೆ ಬರುತ್ತೇನೆ. ಮಾರುವವರು ಹೇಳಿದರು, "ಟೈರು ನೋಡಿ, ಬಟನ್ ಹೇಗಿದೆ! ನಾನು ಜಾಸ್ತಿ ಓಡಿಸಿಲ್ಲ." ನಿಜ, ಗೀರುಗಳು ಆಳವಾಗೇ ಇದ್ದವು. ಅಪ್ಪ ಗೀರು ನೋಡಲಿಲ್ಲ. ಟೈರಿನ ಪಕ್ಕೆಯನ್ನು ಹೆಬ್ಬೆರಳಲ್ಲಿ ಒತ್ತಿದ. ಉಗುರು ಊರಿ ನೋಡಿದ. ಕೂದಲೆಳೆಯಷ್ಟು ಸಣ್ಣ ಬಿರುಕುಗಳು ಬಾಯಿ ಬಿಟ್ಟವು. "ಎಕ್ಕಡ ಮೆಟ್ಟದೆ ಅಟ್ಟದ ಮ್ಯಾಲೆ ಇಟ್ರೆ ಏನಾಯ್ತದೆ? ಒಣಗಿ ಸೀಳ್ತದೆ. ಇದೂ ಅಂಗೇ ಆಗೈತೆ" ಅಂದ. ಅದು ಹಾಗೇ ಇರುವ ಮಾತು. ರಬ್ಬರಿನಲ್ಲಿ ಎಣ್ಣೆ ಮೇಣ ಬೆರೆಸಿರುತ್ತಾರೆ. ಟೈರು ಉರುಳುತ್ತ ಬಾಗುತ್ತ ಇದ್ದರೆ ಆ ಮೇಣ ಮೇಲಕ್ಕೆ ಬಂದು ಗಾಳಿ ಬಿಸಿಲಿನಿಂದ ಕಾಯುತ್ತದೆ. ನಿಂತಲ್ಲೇ ನಿಂತ ಕಾರಿನ ಟೈರು ಸವೆಯುವುದಿಲ್ಲ, ಆದರೆ ಮುದಿಯಾಗುತ್ತದೆ. ಹಳೇ ಕಾರು ಕೊಳ್ಳುವವರಿಗೆ ಮೋಸವಾಗುವುದು ಇಲ್ಲೇ. ಕಮ್ಮಿ ಓಡಿದ ಕಾರು ಅಂದರೆ ಟೈರು ಹೊಸದು ಅಂದುಕೊಳ್ಳುತ್ತೇವೆ.

ಟೈರಿನ ವಯಸ್ಸು ಟೈರಿನ ಮೇಲೇ ಬರೆದಿದೆ. ಪಕ್ಕೆಯಲ್ಲಿ ಒಂದು ಉದ್ದದ ಬಾದಾಮಿಯಾಕಾರದ ಗೆರೆಯೊಳಗೆ ನಾಕು ಅಂಕಿ. ಮೊದಲ ಎರಡು ವಾರ, ಕೊನೆಯ ಎರಡು ಇಸವಿ. ಅಪ್ಪನಿಗೆ ಅಕ್ಷರ ಬರುವುದಿಲ್ಲ, ಅಲ್ಲಿಂದ ಮುಂದೆ ನನ್ನ ಕೆಲಸ. ಮುಂದಿನ ಎರಡರ ಮೇಲೆ 3218 ಅಂತಿತ್ತು, 2018ರ ಮೂವತ್ತೆರಡನೇ ವಾರ. ಹಿಂದಿನ ಎರಡರ ಮೇಲೆ 1914. ಮಹಾಯುದ್ಧದ ಇಸವಿ ಇದ್ದ ಹಾಗಿದೆಯಲ್ಲ ಅಂತ ನಾನು ನಕ್ಕೆ. ಅದು 2014ರ ಹತ್ತೊಂಬತ್ತನೇ ವಾರ. ಅಂದರೆ ಕಾರಿನ ಜೊತೆ ಹುಟ್ಟಿದ ಟೈರು. ಐದಾರು ವರ್ಷ ದಾಟಿದ ಟೈರನ್ನು ವರ್ಷವರ್ಷ ತೋರಿಸಬೇಕು, ಹತ್ತು ದಾಟಿದ್ದನ್ನು ಗೀರು ಎಷ್ಟೇ ಇರಲಿ ತೆಗೆಯಬೇಕು ಅಂತ ಟೈರು ಮಾಡುವವರೇ ಹೇಳುತ್ತಾರೆ. ಈ ಅಂಕಿ ತೋರಿಸಿ ನಾವು ಕಾರಿನ ಬೆಲೆಯಲ್ಲಿ ಎಂಟು ಸಾವಿರ ಇಳಿಸಿದೆವು. ಆ ಹಿರಿಯರು ಒಳ್ಳೆಯವರು, ಅವರಿಗೂ ಅದು ಗೊತ್ತಿರಲಿಲ್ಲ. ಟೀ ಕುಡಿಸಿ ಕಳಿಸಿದರು. ಸ್ಟೀಲ್ ಲೋಟದಲ್ಲೇ.

ಎಂಟು ಸಾವಿರ ಕಾರಿನ ಬೆಲೆಯಲ್ಲಿ ಇಳಿಯಿತೇ ಹೊರತು ನಮ್ಮ ಜೇಬಿಗೆ ಬರಲಿಲ್ಲ. ಜೇಬು ಅಷ್ಟು ಹೊತ್ತಿಗೆ ಬರಿದಾಗಿತ್ತು. ತಮ್ಮ, "ಸೆಕೆಂಡ್ಸ್ ನೋಡನ ಅಣ್ಣ" ಅಂದ. ನೋಡಿದೆವು. ಹೆದ್ದಾರಿಯ ಪಕ್ಕ ಬಳಸಿದ ಟೈರು ಮಾರುವ ಸಾಲು ಅಂಗಡಿಗಳಿವೆ. ದೊಡ್ಡ ಊರುಗಳಲ್ಲಿ ಬಿಚ್ಚಿ ಬಿಸಾಕಿದ್ದು ಇಲ್ಲಿಗೆ ಬರುತ್ತದೆ. ಕೆಲವು ನಿಜಕ್ಕೂ ಚೆನ್ನಾಗಿರುತ್ತವೆ, ಇಲ್ಲ ಅನ್ನಲಾರೆ. ಕೆಲವಕ್ಕೆ ಬೇರೆಯೇ ಚಾಕರಿ ಮಾಡಿರುತ್ತಾರೆ. ಬೋಳಾದ ಟೈರಿಗೆ ಕಾದ ಕತ್ತಿಯಲ್ಲಿ ಹೊಸದಾಗಿ ಗೀರು ಕೊರೆದು, ಮೇಲೆ ಕರಿ ಬಳಿದು, ಹೊಸಾ ಮದುವಣಿಗನ ಹಾಗೆ ಮಿಂಚಿಸಿ ನಿಲ್ಲಿಸಿರುತ್ತಾರೆ. ಕೊರೆದದ್ದು ಎಲ್ಲಿಂದ? ಒಳಗಿನ ನೂಲನ್ನೂ ತಂತಿಯನ್ನೂ ಕಾಯಬೇಕಾದ ರಬ್ಬರಿನಿಂದಲೇ. ಅದನ್ನು ಕಂಡುಹಿಡಿಯುವುದಕ್ಕೂ ದಾರಿ ಇದೆ. ಒಳ್ಳೆಯ ಟೈರಿನ ಗೀರಿನ ತಳದಲ್ಲಿ ಅಲ್ಲಲ್ಲಿ ಸಣ್ಣ ದಿಣ್ಣೆ ಇರುತ್ತದೆ, ಎತ್ತರ 1.6 ಮಿಲಿಮೀಟರ್. ಬಟನ್ ಸವೆದು ಆ ದಿಣ್ಣೆಯ ಮಟ್ಟಕ್ಕೆ ಬಂತು ಅಂದರೆ ಟೈರಿನ ಕಥೆ ಮುಗಿಯಿತು. ಹೊಸದಾಗಿ ಕೊರೆದ ಟೈರಿನಲ್ಲಿ ಕತ್ತಿ ಆ ದಿಣ್ಣೆಯನ್ನೂ ತಿಂದುಕೊಂಡು ಹೋಗಿರುತ್ತದೆ. ಅಪ್ಪ ಬೆರಳಾಡಿಸಿ ನೋಡಿದ. ದಿಣ್ಣೆ ಸಿಗಲಿಲ್ಲ.

"ಇವತ್ತು ಹಾಕ್ಸಿ, ಎರಡು ವರ್ಷ ಕಣ್ಣು ಮುಚ್ಕೊಂಡು ಓಡ್ಸಿ" ಅಂದ ಅಂಗಡಿಯವನು.

"ಕಣ್ಣು ಮುಚ್ಕಂಡೇ ಓಯ್ತೀವಿ ಬುಡಪ್ಪ" ಅಂದ ಅಪ್ಪ.

ಸೆಕೆಂಡ್ಸ್ ಅನ್ನುವ ಪದ ನಮಗೆ ಹೊಸದಲ್ಲ. ನಾನು ಎಂ.ಎ. ಮುಗಿಸುವವರೆಗೆ ಉಟ್ಟ ಬಟ್ಟೆ, ಓದಿದ ಪುಸ್ತಕ, ಮಲಗಿದ ಮಂಚ ಎಲ್ಲವೂ ಇನ್ನೊಬ್ಬರು ಬಳಸಿ ಬಿಟ್ಟವು. ಅದರಿಂದ ನನಗೇನೂ ಕುಂದಾಗಲಿಲ್ಲ. ಹಳೇ ಪುಸ್ತಕದ ಅಕ್ಷರ ಹೊಸ ಪುಸ್ತಕದಷ್ಟೇ ಹೊಸದು. ಹಳೇ ಕಾರಿನ ಬಗ್ಗೆಯೂ ನನಗೆ ನಾಚಿಕೆಯಿಲ್ಲ. ಆದರೆ ಟೈರು ಪುಸ್ತಕವಲ್ಲ. ಯಾರು ಓಡಿಸಿದರು, ಯಾವ ಗುಂಡಿಗೆ ಬಿತ್ತು, ಗಾಳಿ ಇಲ್ಲದೆ ಎಷ್ಟು ದೂರ ಉರುಳಿತು ಅನ್ನುವುದೆಲ್ಲ ಅದರ ಹೊಟ್ಟೆಯೊಳಗಿರುತ್ತದೆ, ಮೇಲೆ ಕಾಣುವುದಿಲ್ಲ. ಮಾರುವವನಿಗೂ ಅದು ಗೊತ್ತಿರುವುದಿಲ್ಲ. ಬಡವನ ಕಾರಿಗೇ ಹೊರೆ ಜಾಸ್ತಿ, ಬಡವನ ರಸ್ತೆಗೇ ಗುಂಡಿ ಜಾಸ್ತಿ, ಹಾಗಿರುವಾಗ ಬಡವನ ಕಾಲಿಗೇ ಸವೆದ ಟೈರು ಯಾಕೆ? ಇದು ನನ್ನ ತೀರ್ಮಾನ. ಯಾವುದನ್ನು ಬೇಕಾದರೂ ಸೆಕೆಂಡ್ಸ್ ತಗೊಳ್ಳಿ, ಟೈರು ಬೇಡ.

ತಮ್ಮನಿಗೆ ಇನ್ನೊಂದು ಆಸೆ ಇತ್ತು. ಅಗಲದ ಟೈರು ಹಾಕಿಸಿದರೆ ಕಾರು ಮೈಕೈ ತುಂಬಿಕೊಂಡು ಕಾಣುತ್ತದೆ ಅಂತ. ನಮ್ಮ ಕಾರಿನ ಅಳತೆ 145/80 ಆರ್ 12. ಅಂದರೆ ಟೈರಿನ ಅಗಲ 145 ಮಿಲಿಮೀಟರ್, ಪಕ್ಕೆಯ ಎತ್ತರ ಆ ಅಗಲದ ನೂರಕ್ಕೆ ಎಂಬತ್ತು, ಒಳಗಿನ ಚಕ್ರ 12 ಇಂಚು. ನಡುವಿನ 'ಆರ್' ಅಂದರೆ ರೇಡಿಯಲ್. ಹಳೇ ನೈಲಾನ್ ಟೈರಿನಲ್ಲಿ ಎಳೆಗಳು ಒಂದರ ಮೇಲೊಂದು ಓರೆಯಾಗಿ ಹಾಯುತ್ತಿದ್ದವು, ಗುಡಿಸಲಿನ ತಡಿಕೆಯ ಹಾಗೆ. ರೇಡಿಯಲ್ಲಿನಲ್ಲಿ ಎಳೆಗಳು ಅಂಚಿನಿಂದ ಅಂಚಿಗೆ ನೆಟ್ಟಗೆ ಅಡ್ಡ ಹಾಯುತ್ತವೆ, ಅವುಗಳ ಮೇಲೆ ಬಟನ್ನಿನ ಅಡಿಯಲ್ಲಿ ಉಕ್ಕಿನ ತಂತಿಯ ಪಟ್ಟಿ. ಓಡಿಸುವವರಿಗೆ ರೇಡಿಯಲ್ ಒಳ್ಳೆಯದು, ನೆಲ ಚೆನ್ನಾಗಿ ಹಿಡಿಯುತ್ತದೆ, ಕಮ್ಮಿ ಕಾಯುತ್ತದೆ. ಅಪ್ಪನ ಕಸುಬಿಗೆ ಅದೇ ಮೃತ್ಯು. ನೈಲಾನ್ ಟೈರನ್ನು ರಂಪಿಗೆ ಬೆಣ್ಣೆಯ ಹಾಗೆ ಕುಯ್ಯುತ್ತಿತ್ತು. ಉಕ್ಕಿನ ತಂತಿ ಬಂದ ಮೇಲೆ ರಂಪಿಗೆಯ ಬಾಯಿ ಮುರಿಯಿತು, ಕುಯ್ದರೂ ತಂತಿ ಚುಚ್ಚುವ ಅಟ್ಟೆಯನ್ನು ಯಾರು ಮೆಟ್ಟುತ್ತಾರೆ? ಲಾರಿಗಳೂ ರೇಡಿಯಲ್ಲಿಗೆ ತಿರುಗುತ್ತ ಬಂದ ಹಾಗೆ ಅಪ್ಪ ಸಂತೆಗೆ ಹೋಗುವುದು ಕಮ್ಮಿಯಾಗುತ್ತ ಬಂತು. ಆದರೂ ರಂಪಿಗೆ ಅವನ ಚೀಲ ಬಿಟ್ಟು ಇರುವುದಿಲ್ಲ. ಮದುವೆಗೆ ಹೋದರೂ ಇರುತ್ತದೆ.

ಅಗಲದ ಟೈರಿನ ಮಾತಿಗೆ ಅವನು ಹೇಳಿದ್ದು ಇಷ್ಟೇ: "ಕಾಲಿಗಿಂತ ದೊಡ್ಡ ಎಕ್ಕಡ ಮೆಟ್ಟಿದ್ರೆ ಕಾಲು ಎಳ್ಕಂಡು ನಡೀಬೇಕು ಕಣ್ಲಾ." ತಮ್ಮ ಸುಮ್ಮನಾದ.

ಅಳತೆಯ ಪಕ್ಕ ಇನ್ನೆರಡು ಗುರುತು ಇವೆ, 74 ಮತ್ತು ಎಸ್. 74 ಅಂದರೆ ಒಂದು ಟೈರು 375 ಕೆ.ಜಿ. ಹೊರುತ್ತದೆ ಅಂತ, ಎಸ್ ಅಂದರೆ ಗಂಟೆಗೆ 180 ಕಿಲೋಮೀಟರ್ ವೇಗದವರೆಗೆ ತಡೆಯುತ್ತದೆ ಅಂತ. ವೇಗದ ಚಿಂತೆ ನಮಗಿಲ್ಲ. ಹೊರೆಯ ಲೆಕ್ಕ ನಾನು ಹಾಕಿದೆ. ನಾಕು ಟೈರಿಗೆ 1500 ಕೆ.ಜಿ. ಖಾಲಿ ಕಾರು ಏಳುನೂರರ ಹತ್ತಿರ. ಎಂಟು ಜನ ಅಂದರೂ ಐನೂರು. ಸಾಕಲ್ಲ ಅನ್ನಿಸುತ್ತದೆ. ಆದರೆ ಆ ಲೆಕ್ಕ ಪೂರ್ತಿ ಗಾಳಿ ತುಂಬಿದ, ವಯಸ್ಸಾಗದ ಟೈರಿಗೆ. ಹಿಂದಿನ ಸೀಟಲ್ಲೇ ಐದು ಜನ ಒತ್ತಿಕೊಂಡರೆ ಹೊರೆ ಹಿಂದಿನ ಎರಡು ಟೈರಿನ ಮೇಲೆ ಬೀಳುತ್ತದೆ, ನಮ್ಮ ಕಾರಲ್ಲಿ ಆ ಹಿಂದಿನ ಎರಡೇ 2014ರವು. ಇನ್ನು ಮೇಲೆ ಐದೇ ಜನ ಅಂತ ನಾನು ಮನೆಯಲ್ಲಿ ಕಾನೂನು ಮಾಡಿದೆ. ಅವ್ವ ಕೇಳಿದಳು, "ಬಸುರಿ ಜೊತೆ ಅವಳವ್ವ ಬರಬಾರ್ದಾ? ಗಂಡ ಬರಬಾರ್ದಾ? ಸೂಲಗಿತ್ತಿ?" ಈ ಲೆಕ್ಕ ಇನ್ನೂ ಬಗೆಹರಿದಿಲ್ಲ.

ಎರಡು ಟೈರೋ ನಾಕೋ ಅನ್ನುವುದರ ಮೇಲೆ ಒಂದು ವಾರ ಜಗಳವಾಯಿತು. ಎರಡೇ ಸಾಕು, ಅವನ್ನು ಮುಂದಕ್ಕೆ ಹಾಕೋಣ, ಸ್ಟೇರಿಂಗ್ ಮುಂದಿನ ಚಕ್ರಕ್ಕಲ್ಲವಾ ಅನ್ನುವುದು ತಮ್ಮನ ವಾದ. ಗ್ಯಾರೇಜಿನವರೂ ಹಾಗೇ ಹೇಳುತ್ತಾರೆ. ಆದರೆ ಎರಡೇ ಹೊಸದು ಹಾಕುವುದಾದರೆ ಹಿಂದಕ್ಕೆ ಹಾಕಬೇಕು ಅನ್ನುವುದು ಟೈರು ಬಲ್ಲವರ ಮಾತು. ಮಳೆ ನೀರಿನ ಮೇಲೆ ಮುಂದಿನ ಟೈರು ಜಾರಿದರೆ ಕಾರು ನೆಟ್ಟಗೆ ಹೋಗುತ್ತದೆ, ಕಾಲು ಸಡಿಲ ಮಾಡಿದರೆ ಮತ್ತೆ ಹಿಡಿತಕ್ಕೆ ಬರುತ್ತದೆ. ಹಿಂದಿನದು ಜಾರಿದರೆ ಕಾರು ಬುಗುರಿಯ ಹಾಗೆ ತಿರುಗುತ್ತದೆ, ಅದನ್ನು ಹಿಡಿಯುವುದು ಎಲ್ಲರ ಕೈಲಿ ಆಗುವುದಿಲ್ಲ. ಅಪ್ಪನಿಗೆ ಇದನ್ನು ವಿವರಿಸುವುದು ಕಷ್ಟವಾಗಲಿಲ್ಲ. ಎತ್ತಿನ ಗಾಡಿ ಇಳಿಜಾರಿನಲ್ಲಿ ಹಿಂಬದಿ ಎಳೆದು ಮಗುಚಿದ್ದನ್ನು ಕಂಡವನು. ಆದರೆ ಅವನು ಬೇರೆ ಕೇಳಿದ: "ಒಂದು ಕಾಲಿಗೆ ಹೊಸಾ ಎಕ್ಕಡ, ಒಂದು ಕಾಲಿಗೆ ಹಳೇದು, ಅಂಗೆ ನಾನು ಯಾವತ್ತಾರ ಮಾರಿದ್ದೀನಾ?"

ನಾಕು ಅಂತ ತೀರ್ಮಾನವಾಯಿತು. ಒಂದಕ್ಕೆ ಮೂರು ಸಾವಿರದ ಹತ್ತಿರ. ನನ್ನ ಬಳಿ ಹನ್ನೆರಡು ಸಾವಿರವಿತ್ತು. ಮೊದಲ ಕವನ ಸಂಕಲನ ಅಚ್ಚು ಹಾಕಿಸಲು ಎರಡು ವರ್ಷದಿಂದ ಎತ್ತಿಟ್ಟದ್ದು. ಪ್ರೆಸ್ಸಿನವರ ಹತ್ತಿರ ಕಾಗದದ ಲೆಕ್ಕವೂ ಆಗಿತ್ತು. ಪುಸ್ತಕ ಮುಂದಿನ ವರ್ಷವಾಗಲಿ ಅಂದೆ. ಯಾರೂ ಬೇಡ ಅನ್ನಲಿಲ್ಲ, ಅದು ಸ್ವಲ್ಪ ನೋವಾಯಿತು.

ತುಮಕೂರಿನ ಮೊದಲ ಅಂಗಡಿ ದೊಡ್ಡದು, ಗಾಜಿನದು. ಒಳಗೆ ಹೋದಾಗ ನನಗೆ 'ಸಾರ್' ಅಂದರು. ಯಾವೂರು ಅಂದರು. ಹೇಳಿದೆವು. "ಓ, ನಮ್ಮ ಹೆಂಡ್ತಿ ಕಡೆಯವರು ಅಲ್ಲಿದ್ದಾರೆ. ಊರಲ್ಲಿ ಎಲ್ಲಿ?" ಅಂದರು. ಈ 'ಎಲ್ಲಿ' ಏನು ಕೇಳುತ್ತಿದೆ ಅಂತ ಓದುತ್ತಿರುವ ನಿಮಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ. "ಕೇರಿ" ಅಂದ ತಮ್ಮ, ಬೆಲೆ ಪಟ್ಟಿಯಿಂದ ತಲೆ ಎತ್ತದೆ. 'ಸಾರ್' ಅಲ್ಲಿಗೆ ನಿಂತಿತು. ಮುಂದಿನ ಸಾಲಲ್ಲಿದ್ದ ಟೈರು ತೋರಿಸುತ್ತಿದ್ದವರು ಗೋಡೌನಿನ ಮೂಲೆಯಿಂದ ನಾಕು ಟೈರು ಉರುಳಿಸಿಕೊಂಡು ಬಂದು "ನಿಮಗೆ ಇದು ಸಾಕು" ಅಂದರು. ಬೆಲೆ ಮಾತ್ರ ಮುಂದಿನ ಸಾಲಿನದೇ. ಅಪ್ಪ ಹೆಗಲ ಟವಲಿನಿಂದ ಧೂಳು ಒರೆಸಿದ, ನಾನು ಅಂಕಿ ಓದಿದೆ. 0822. ಹಾಕದೇ ಇರುವ ಟೈರು, ಆದರೆ 2022ರದು. ಈಚಿನದು ಕೊಡಿ ಅಂದೆ.

"ಟೈರು ಅಂದ್ರೆ ತರಕಾರಿನಾ, ಬೆಳಿಗ್ಗೆ ಕಿತ್ತಿದ್ದು ಕೊಡೋಕೆ?" ಅಂದರು.

"ತರಕಾರಿ ಅಲ್ಲ ಬುದ್ಧಿ, ತೊಗಲು. ಅದ ತಪ್ತದೆ" ಅಂದ ಅಪ್ಪ.

ಬುದ್ಧಿ ಅನ್ನಬೇಡ ಅಂತ ಹೊರಗೆ ಬಂದ ಮೇಲೆ ನಾನು ಅಪ್ಪನ ಮೇಲೆ ರೇಗಿದೆ. ಅವನಿಗೆ ಅರ್ಥವಾಗಲಿಲ್ಲ. ಅರವತ್ತು ವರ್ಷದ ನಾಲಿಗೆ. ಅವನ ಚಿಕ್ಕಂದಿನಲ್ಲಿ ತಾನೇ ಹೊಲಿದ ಮೆಟ್ಟನ್ನು ಕೈಲಿ ಹಿಡಿದುಕೊಂಡು ಊರ ಬೀದಿ ದಾಟಬೇಕಿತ್ತು, ಊರು ದಾಟಿದ ಮೇಲೆ ಮೆಟ್ಟಬೇಕಿತ್ತು. ಇವತ್ತು ಅದೇ ಬೀದಿಯಲ್ಲಿ ನಮ್ಮ ಕಾರು ಹೋಗುತ್ತದೆ. ಯಾರೂ ತಡೆಯುವುದಿಲ್ಲ. ಅರಳಿಕಟ್ಟೆಯ ಮೇಲೆ ಕೂತವರು "ಎಕ್ಕಡದ ಕಾರು ಬಂತು ನೋಡ್ಲಾ" ಅನ್ನುವುದು ಗಾಜು ಇಳಿಸಿದ್ದರೆ ಕೇಳುತ್ತದೆ. ತಮ್ಮ ಗಾಜು ಇಳಿಸಿಕೊಂಡೇ ಓಡಿಸುತ್ತಾನೆ.

ಎರಡನೇ ಅಂಗಡಿ ಸಣ್ಣದು, ನನ್ನ ವಯಸ್ಸಿನ ಹುಡುಗನದು. ಅವನು ಊರು ಕೇಳಲಿಲ್ಲ, ಕಾರು ಎಷ್ಟು ಓಡುತ್ತದೆ, ಎಂಥ ರಸ್ತೆ ಅಂತ ಕೇಳಿದ. ತಮ್ಮನಿಗೆ ಎಂಆರ್‌ಎಫ್ ಬೇಕಿತ್ತು, ಸಚಿನ್ ಬ್ಯಾಟಿನ ಮೇಲಿದ್ದ ಹೆಸರು ಅಂತ. 1946ರಲ್ಲಿ ಮದರಾಸಿನಲ್ಲಿ ಆಟದ ಬಲೂನು ಮಾಡುತ್ತ ಶುರುವಾದ ಕಂಪನಿ ಅದು ಅಂದರೆ ಅವನು ನಂಬಲಿಲ್ಲ. ನನಗೆ ಮೈಸೂರಿನದು ಆಗಬಹುದಿತ್ತು, ನಮ್ಮ ಚಿಕ್ಕಪ್ಪಂದಿರ ಬಾಯಲ್ಲಿದ್ದ ವಿಕ್ರಾಂತ್ ಟೈರು ತಯಾರಾಗುತ್ತಿದ್ದ ಊರು, 1997ರಲ್ಲಿ ಅದು ಜೆಕೆಯವರಿಗೆ ಹೋಯಿತು. ಕೊನೆಗೆ ಯಾವುದು ಕೊಂಡೆವು ಅಂತ ಬರೆಯುವುದಿಲ್ಲ, ಪುಕ್ಕಟೆ ಜಾಹೀರಾತಾದೀತು. ಅಳತೆ ಅದೇ, ಐಎಸ್‌ಐ ಗುರುತು ಇದೆ, 2025ರ ಕೊನೆಯ ವಾರಗಳಲ್ಲಿ ಹುಟ್ಟಿದ್ದು, ಬಿಲ್ಲು ಕೊಡುತ್ತಾರೆ. ನೋಡಬೇಕಾದ್ದು ಇಷ್ಟೇ. ಬಿಲ್ಲಿಲ್ಲದೆ ಸ್ವಲ್ಪ ಕಮ್ಮಿಗೆ ಕೊಡುತ್ತೇನೆ ಅಂದರೆ ಒಪ್ಪಬೇಡಿ, ಪಕ್ಕೆ ಉಬ್ಬಿಕೊಂಡರೆ ನಾಳೆ ಯಾರನ್ನು ಕೇಳುತ್ತೀರಿ? 2017ರಲ್ಲಿ ಜಿಎಸ್‌ಟಿ ಬಂದಾಗ ಟೈರನ್ನು ನೂರಕ್ಕೆ 28ರ ಸಾಲಿಗೆ ಸೇರಿಸಿದ್ದರು, ಐಷಾರಾಮದ ಸಾಮಾನುಗಳ ಪಕ್ಕದಲ್ಲಿ. 2025ರ ಸೆಪ್ಟೆಂಬರ್ 22ರಿಂದ 18 ಆಯಿತು. ಬಸುರಿಯನ್ನು ಆಸ್ಪತ್ರೆಗೆ ಮುಟ್ಟಿಸುವ ರಬ್ಬರು ಎಂಟು ವರ್ಷ ಐಷಾರಾಮವಾಗಿತ್ತು.

ನೈಟ್ರೋಜನ್ ತುಂಬಿಸಿ ಅಂದ ಹುಡುಗ, ಟೈರಿಗೆ ಇಷ್ಟು ಅಂತ. ನಾವು ಉಸಿರಾಡುವ ಗಾಳಿಯಲ್ಲೇ ನೂರಕ್ಕೆ 78 ಪಾಲು ಅದೇ ಇದೆಯಲ್ಲಪ್ಪ ಅಂದೆ. ನಕ್ಕು ಬಿಟ್ಟ, ಬಿಟ್ಟಿ ಗಾಳಿ ಹಾಕಿದ. ಎಷ್ಟು ಹಾಕಬೇಕು ಅನ್ನುವುದು ಡ್ರೈವರ್ ಬಾಗಿಲ ಪಕ್ಕದ ಚೀಟಿಯಲ್ಲಿರುತ್ತದೆ. ಓಡಿ ಕಾದ ಟೈರಿನಲ್ಲಿ ಮುಳ್ಳು ಮೇಲೇ ತೋರಿಸುತ್ತದೆ, ಬೆಳಿಗ್ಗೆ ತಣ್ಣಗಿದ್ದಾಗ ನೋಡಬೇಕು. ಗಾಳಿ ನುಂಗುವ ಬಾಯಿ ಇದೆಯಲ್ಲ, ವಾಲ್ವು, ಅದೂ ರಬ್ಬರೇ. ಟೈರಿನ ಜೊತೆ ಅದನ್ನೂ ಹೊಸದು ಹಾಕಿಸಿದೆವು. ಚಕ್ರ ತೂಗಿ ಸೀಸದ ಚೂರು ಬಡಿದರು. ಅಲೈನ್‌ಮೆಂಟ್ ಬೇಡ ಅಂದಿದ್ದ ತಮ್ಮ, ಮುಂದಿನ ಹಳೇ ಟೈರಿನ ಒಳಅಂಚು ಮಾತ್ರ ಸವೆದದ್ದನ್ನು ಅಪ್ಪ ತೋರಿಸಿದ ಮೇಲೆ ಒಪ್ಪಿದ. ಕಾಲು ತಿರುಚಿ ನಡೆಯುವವನ ಹಿಮ್ಮಡಿ ಸವೆಯುವುದೂ ಹಾಗೇ.

ಇನ್ನು ಸ್ಟೆಪ್ನಿ. ಮುಂದಿನ ಹಳೇ ಎರಡರಲ್ಲಿ ಪಕ್ಕೆ ಬಿರಿಯದ ಒಂದನ್ನು ಸ್ಟೆಪ್ನಿಗೆ ಹಾಕಿಸಿಕೊಂಡೆವು, ಪಂಕ್ಚರ್ ಅಂಗಡಿಯವರೆಗೆ ಹೋಗೋದಕ್ಕೆ. ಈ ಪದ ಬಂದದ್ದು ಬ್ರಿಟನ್ನಿನ ವೇಲ್ಸ್ ನಾಡಿನ ಲನೆಲ್ಲಿ ಎಂಬ ಊರಿನ ಒಂದು ಬೀದಿಯ ಹೆಸರಿನಿಂದ. 1904ರ ಸುಮಾರಿಗೆ ಅಲ್ಲಿಬ್ಬರು ಅಣ್ಣತಮ್ಮಂದಿರು ಹೆಚ್ಚುವರಿ ಚಕ್ರ ಮಾಡಿ ಮಾರಿದರು. ಅವರ ದೇಶದಲ್ಲಿ ಪದ ಸತ್ತಿದೆ, ನಮ್ಮ ಗ್ಯಾರೇಜಿನಲ್ಲಿ ಬದುಕಿದೆ. ಗಂಡಸರು ಹೆಣ್ಣಿನ ಮೇಲೂ ಆ ಪದ ಎಸೆಯುತ್ತಾರೆ, ಅದು ಪದದ ತಪ್ಪಲ್ಲ.

ಕೆಲಸ ಮುಗಿಯಿತು. ಕಳಚಿದ ನಾಕು ಟೈರು ಅಂಗಡಿಯ ಮುಂದೆ ಬಿದ್ದಿದ್ದವು, ಹಿಂದಿನ ಎರಡು, ಮುಂದಿನ ಒಂದು, 2014ರ ಸ್ಟೆಪ್ನಿ. ಹುಡುಗ ಒಂದಕ್ಕೆ ನೂರೈವತ್ತು ಹಿಡಿದುಕೊಂಡು ಬಿಲ್ಲಲ್ಲಿ ಆರುನೂರು ಕಳೆಯುತ್ತೇನೆ ಅಂದ. ಅಲೈನ್‌ಮೆಂಟಿಗೂ ಮೇಲಿನ ಚಿಲ್ಲರೆ ಖರ್ಚಿಗೂ ಅಷ್ಟೇ ಬೇಕಿತ್ತು. ತಮ್ಮ ಆಗಲಿ ಅಂದ.

ಅಪ್ಪ ಕೇಳಿದ, "ಇವನ್ನ ಏನು ಮಾಡ್ತೀಯಪ್ಪ?"

"ಯಾರಾದ್ರೂ ತಗೊಂಡು ಹೋಗ್ತಾರೆ ಯಜಮಾನ್ರೇ. ಗುಜರಿಯವರು, ಸೆಕೆಂಡ್ಸ್‌ನವರು."

"ಗುಜರಿಯೋರಾ, ಸೆಕೆಂಡ್ಸ್‌ನೋರಾ?"

ಹುಡುಗ ಉತ್ತರ ಹೇಳಲಿಲ್ಲ. ಗೀರು ಆಳವಾಗಿದ್ದ ಟೈರು, ಕರಿ ಬಳಿದರೆ ಸಾಕು, ಯಾವ ದಾರಿ ಹಿಡಿಯುತ್ತದೆ ಅಂತ ಎಲ್ಲರಿಗೂ ಗೊತ್ತು. ಅಪ್ಪ ಟೈರುಗಳ ಪಕ್ಕ ಕೂತ. ಚೀಲದಿಂದ ರಂಪಿಗೆ ತೆಗೆದ. ರೇಡಿಯಲ್ ಟೈರಿನ ಉಕ್ಕು ಇರುವುದು ಮೇಲೆ, ಪಕ್ಕೆಯಲ್ಲಿ ಬರೀ ನೂಲು. ಒಂದೊಂದನ್ನೂ ಮಂಡಿಯಲ್ಲಿ ಒತ್ತಿ ಹಿಡಿದು, ಅಂಗೈಯುದ್ದ, ಎರಡೂ ಪಕ್ಕೆ ಸೀಳಿದ. ನಾಕೂ ಆಗುವ ಹೊತ್ತಿಗೆ ಅವನ ಕೈ ನಡುಗುತ್ತಿತ್ತು. ಹುಡುಗ "ಏನ್ ಯಜಮಾನ್ರೇ ಇದು" ಅಂದವನು ಬಿಲ್ಲಿನ ಪುಸ್ತಕ ತೆಗೆದು, ಆರುನೂರು ಕಳೆದಿದ್ದನ್ನು ಹೊಡೆದು ಹಾಕಿದ. ತಮ್ಮ ಮುಖ ತಿರುಗಿಸಿಕೊಂಡು ಕಾರಲ್ಲಿ ಹೋಗಿ ಕೂತ. ಸಂಜೆಯಾಗಿತ್ತು, ಮಳೆ ಹನಿಯುವುದಕ್ಕೆ ಶುರುವಾಗಿತ್ತು. ಕೊಡಬೇಕಾದದ್ದಕ್ಕೆ ನನ್ನ ಹತ್ತಿರ ಇನ್ನೂರ ನಲವತ್ತು ಕಮ್ಮಿ ಬಿತ್ತು. ಮುಂದಿನ ವಾರ ತಂದುಕೊಡುತ್ತೇನೆ ಅಂತ ಫೋನ್ ನಂಬರ್ ಬರೆದುಕೊಟ್ಟೆ.